ನೂರಿಪ್ಪತ್ತು ಎಂಬತ್ತು

ಫೆಬ್ರವರಿ ೩, ಸೋಮವಾರ

ಇವತ್ತು ನನ್ನ ರಿಜಿಸ್ಟರು ಕಿತ್ತುಕೊಂಡರು. ಕಿತ್ತುಕೊಂಡರು ಅಂದರೆ ಜಗಳವೇನೂ ಆಗಲಿಲ್ಲ. ಆರೋಗ್ಯ ಕೇಂದ್ರದಲ್ಲಿ ನಮ್ಮ ಮೇಲ್ವಿಚಾರಕಿ ಮೇಡಂ ನಗುನಗುತ್ತಲೇ ಕೈ ಚಾಚಿದರು, ನಾನೂ ನಗುನಗುತ್ತಲೇ ಕೊಟ್ಟೆ. ಬದಲಿಗೆ ಒಂದು ಫೋನು ಬಂತು. ಇಪ್ಪತ್ತೆರಡು ವರ್ಷ ಮನೆಮನೆ ತಿರುಗಿ ಬಸುರಿಯರು, ಬಾಣಂತಿಯರು, ಕೂಸುಗಳು, ಮುದುಕರು ಎಲ್ಲರನ್ನೂ ಬರೆದುಕೊಂಡು ಬಂದವಳು ನಾನು. ಕೊಟ್ಟದ್ದು ಒಂಬತ್ತನೆಯ ರಿಜಿಸ್ಟರು. ಅದು ಚೀಲದಲ್ಲಿದ್ದರೆ ಒಂದು ಪಕ್ಕಕ್ಕೆ ವಾಲಿಕೊಂಡೇ ನಡೆಯಬೇಕು. ಇವತ್ತು ಮನೆಗೆ ನೆಟ್ಟಗೆ ನಡೆದು ಬಂದೆ, ಯಾಕೋ ಹಿತವಾಗಲಿಲ್ಲ.

ಆ್ಯಪ್ ಮಾಡಿದ ಹುಡುಗಿಯೇ ಬಂದು ಹೇಳಿಕೊಟ್ಟಳು. ಒಳ್ಳೆಯ ಹುಡುಗಿ, ಬಾಯಿ ತುಂಬಾ ಅಕ್ಕ ಅನ್ನುತ್ತಾಳೆ. ಮನೆ ಮುಟ್ಟಬೇಕು, ಹೆಸರು ಮುಟ್ಟಬೇಕು, ಬೀಪಿ ಹಾಕಬೇಕು, ತೂಕ ಹಾಕಬೇಕು, ‘ಮುಂದೆ’ ಒತ್ತಬೇಕು. ಎಲ್ಲ ಸರಿಯಿದ್ದರೆ ಹಸಿರು. ಕಣ್ಣಿಡಬೇಕಾದವರು ಹಳದಿ. ಅಪಾಯವಿದ್ದರೆ ಕೆಂಪು, ಆಗ ಫೋನು ತಾನೇ ಡಾಕ್ಟರಿಗೆ ಸುದ್ದಿ ಮುಟ್ಟಿಸುತ್ತದೆ.

“ಮಷೀನು ಕೈಕೊಟ್ರೆ? ಆ ಜಾಗ ಖಾಲಿ ಬಿಡಬಹುದಾ?” ಅಂತ ಕೇಳಿದೆ.

“ಖಾಲಿ ಬಿಟ್ರೆ ಮುಂದೆ ಹೋಗಲ್ಲ ಅಕ್ಕ. ಬೇಕಂತಲೇ ಹಾಗೆ ಮಾಡಿದೀನಿ. ಯಾವುದೂ ಮರೆತು ಹೋಗಬಾರದಲ್ವಾ?”

ನನ್ನ ರಿಜಿಸ್ಟರಿನಲ್ಲಿ ಖಾಲಿ ಜಾಗಕ್ಕೂ ಕೆಲಸವಿತ್ತು. ಅಳೆಯಲು ಆಗದಿದ್ದರೆ ಹಾಗೇ ಬಿಟ್ಟು, ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಸೊನ್ನೆ ಸುತ್ತುತ್ತಿದ್ದೆ. ಸೊನ್ನೆ ಇದ್ದ ಮನೆಗೆ ಮತ್ತೆ ಹೋಗಬೇಕು ಅಂತ ಲೆಕ್ಕ. ಫೋನಿಗೆ ಅಂಚೇ ಇಲ್ಲ. ಗೀಚಿಕೊಳ್ಳಲು ಎಲ್ಲಾದರೂ ಜಾಗ ಬೇಕಲ್ಲ ಎಂದು ಈ ನೋಟ್‌ಬುಕ್ ತೆಗೆದಿದ್ದೇನೆ.

ಅತ್ತೆ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು. “ಇಷ್ಟಗಲದ್ದರಲ್ಲಿ ಅಷ್ಟೊಂದು ಜನ ಹಿಡಿಸ್ತಾರೇನೇ?” ಅಂದರು.

ಫೆಬ್ರವರಿ ೬, ಗುರುವಾರ

ನಾಲ್ಕು ಗಂಟೆಗೆ ಮೂರು ಮನೆ. ಮೊದಲಾದರೆ ಅಷ್ಟರಲ್ಲಿ ಏಳು ಮನೆ ಮುಗಿಸಿ, ಎರಡು ಕಡೆ ಚಹಾ ಕುಡಿದು, ಒಂದು ಗಂಡಹೆಂಡಿರ ಜಗಳವನ್ನೂ ಬಿಡಿಸಿರುತ್ತಿದ್ದೆ.

ಬೇಕರಿಯವಳ ಮನೆಯಲ್ಲಿ ವಯಸ್ಸಿನ ಜಾಗಕ್ಕೆ ತೂಕ, ತೂಕದ ಜಾಗಕ್ಕೆ ವಯಸ್ಸು ಹಾಕಿದೆ. ಎಪ್ಪತ್ತೊಂದು ವರ್ಷದ ಬಸುರಿಯನ್ನು ಕಂಡು ಫೋನು ಕೆಂಪಗಾಯಿತು. ಬೇಕರಿಯವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಕುತ್ತಿಗೆ ಹಿಡಿದುಕೊಂಡಿದೆ.

ಕಾಲುವೆ ದಾಟಿ ಮೇಲಿನ ಕೊನೆಯ ಮನೆಗೆ ಹೊಸದಾಗಿ ಒಬ್ಬಳು ಬಂದಿದ್ದಾಳೆ. ಹೊಲಿಗೆ ಹುಡುಗಿ. ಮನೆಯಲ್ಲೇ ಶಾಲೆ ಮಕ್ಕಳ ಬಟ್ಟೆ ಹೊಲಿಯುತ್ತಾಳೆ. ಗಂಡ ಲಾರಿ ಓಡಿಸುತ್ತಾನಂತೆ, ಹದಿನೈದು ದಿನಕ್ಕೊಮ್ಮೆ ಬಂದರೆ ಬಂದ. ಇಪ್ಪತ್ತೊಂದು ವರ್ಷ, ಚೊಚ್ಚಲು, ಆರನೇ ತಿಂಗಳು ನಡೆಯುತ್ತಿದೆ. ಹಿರಿಯರು ಅಂತ ಹತ್ತಿರ ಯಾರೂ ಇಲ್ಲ. ಕಿಟಕಿಯ ಹತ್ತಿರ ಮಷೀನು, ಗೋಡೆಗೆ ಮೊಳೆ ಹೊಡೆದು ನೂಲಿನ ಉಂಡೆಗಳನ್ನು ಬಣ್ಣದ ಪ್ರಕಾರ ಸಾಲಾಗಿ ತೂಗುಹಾಕಿದ್ದಾಳೆ. ಬಾಗಿಲ ಹತ್ತಿರ ಕಾಯುತ್ತಾ ನಿಂತಿದ್ದಳು.

“ನೀವು ಚೀಲದಕ್ಕ ಅಲ್ವಾ? ಎಲ್ರೂ ಹೇಳಿದ್ರು, ನೀವು ಬರ್ತೀರಾ ಅಂತ.”

ಬೀಪಿ ಚೆನ್ನಾಗಿದೆ, ನೂರ ಹತ್ತು ಎಪ್ಪತ್ತು. ಮನೆಗೆ ನಂಬರಿಲ್ಲ, ಬೀದಿಗೆ ಹೆಸರಿಲ್ಲ. ಆದರೆ ಫೋನು ನಕ್ಷೆಯ ಮೇಲೆ ಅವಳ ಮನೆಗೆ ಒಂದು ನೀಲಿ ಚುಕ್ಕಿ ಇಟ್ಟಿತು. ಅದೊಂದು ನನಗೂ ಇಷ್ಟವಾಯಿತು. ಹೊರಡುವಾಗ ನನ್ನ ಚೀಲದ ಹರಿದ ಹಿಡಿಯನ್ನು ಕಂಡು, ಕೂರಿಸಿ, ಎರಡು ನಿಮಿಷದಲ್ಲಿ ಹೊಲಿದು ಕೊಟ್ಟಳು.

ಫೆಬ್ರವರಿ ೧೮, ಮಂಗಳವಾರ

ಫೋನಿನ ಮೇಲೆ ಬರೀ ದೂರು ಬರೆದರೆ ಅನ್ಯಾಯವಾದೀತು. ಬೆಳಿಗ್ಗೆ ಟುಂಯ್ ಅಂತ ಸದ್ದು ಮಾಡಿ, ಅಗಸರ ಮನೆಯ ಕೂಸಿಗೆ ಒಂಬತ್ತನೇ ತಿಂಗಳ ಚುಚ್ಚುಮದ್ದು ಹಾಕಿಸಿಲ್ಲ ಅಂತ ತೋರಿಸಿತು. ನಾನು ಹಾಕಿಸಿಯಾಗಿದೆ ಅಂತಲೇ ತಿಳಿದಿದ್ದೆ. ಹೋಗಿ ಕೇಳಿದರೆ, ಅವತ್ತು ಕೂಸಿಗೆ ಜ್ವರ ಅಂತ ಬಿಟ್ಟವರು ಮರೆತೇಬಿಟ್ಟಿದ್ದಾರೆ. ನಾನೂ ಮರೆತಿದ್ದೆ. ಕೂಸನ್ನು ಎತ್ತಿಕೊಂಡು ನಾನೇ ಕೇಂದ್ರಕ್ಕೆ ಹೋಗಿ ಹಾಕಿಸಿದೆ. ದಾರಿಯುದ್ದಕ್ಕೂ ನನ್ನ ಕನ್ನಡಕ ಕೀಳುವುದೇ ಅದರ ಕೆಲಸವಾಗಿತ್ತು.

ಮನೆಗೆ ಬಂದು ಹೇಳಿದಾಗ ನಮ್ಮವರು ಪಂಚರ್ ಹಾಕುತ್ತಿದ್ದ ಚಕ್ರದಿಂದ ತಲೆ ಎತ್ತಲಿಲ್ಲ. “ಹಾಗಾದ್ರೆ ನಿಮ್ಮಿಬ್ಬರಿಗೂ ರಾಜಿ ಆಯ್ತು ಅನ್ನು,” ಅಂದರು. ಮನೆಯ ಮುಂದೆಯೇ ಅವರ ಸೈಕಲ್ ಅಂಗಡಿ. ಒಳಗೆ ಬರಬೇಕಾದರೆ ಅವರ ಮಾತಿಗೆ ಸುಂಕ ಕಟ್ಟಿಯೇ ಬರಬೇಕು.

ಮಾರ್ಚ್ ೧, ಶನಿವಾರ

ಇನ್ನು ಮೇಲೆ ಪ್ರತಿ ಶನಿವಾರ ಫೋನಿನಲ್ಲಿ ಪಟ್ಟಿ ಬರುತ್ತದಂತೆ. ಯಾರು ಎಷ್ಟು ಮನೆ ಮಾಡಿದರು, ಯಾರದ್ದು ಸಂಜೆ ಐದರೊಳಗೆ ತಲುಪಿತು, ಎಲ್ಲಾ ನೋಡಿ ಸಾಲಾಗಿ ನಿಲ್ಲಿಸುತ್ತದೆ. ಹತ್ತೊಂಬತ್ತು ಕಾರ್ಯಕರ್ತೆಯರಲ್ಲಿ ನಾನು ಹದಿನೇಳನೆಯವಳು. ಕನ್ನಡಕದಕ್ಕ ನಾಲ್ಕನೆಯವಳು. ನನ್ನ ಜೊತೆಗೇ ಕೆಲಸಕ್ಕೆ ಸೇರಿದವಳು, ನನಗಿಂತ ದಪ್ಪ ಗಾಜಿನವಳು. ಅವಳಿಗೆ ಆಗುವುದು ನನಗೆ ಯಾಕೆ ಆಗಬಾರದು?

ಮಾರ್ಚ್ ೮, ಶನಿವಾರ

ಒಂಬತ್ತನೇ ಸ್ಥಾನ. ಗುಟ್ಟು ಇಷ್ಟೇ, ಕೂರಬಾರದು. ಕೂತರೆ ಚಹಾ, ಚಹಾ ಆದರೆ ಮಾತು, ಮಾತಾದರೆ ಅರ್ಧ ಗಂಟೆ. ಬಾಗಿಲಲ್ಲೇ ನಿಂತು ಮುಗಿಸಿದರೆ ದಿನಕ್ಕೆ ಹನ್ನೆರಡು ಮನೆ ಆರಾಮ. ಬೇಕರಿಯವಳು ಒಳಗೆ ಬಾ ಅಂತ ಕರೆದಳು, ಇನ್ನೊಂದಿನ ಅಂದೆ. ಅಕ್ಷರ ಹುಡುಕುವುದು ಈಗ ಬೆರಳಿಗೇ ಗೊತ್ತು.

ಮಾರ್ಚ್ ೧೧, ಮಂಗಳವಾರ

ಬೀಪಿ ಮಷೀನು ಕೈಕೊಟ್ಟಿತು. ತೋಳಿಗೆ ಸುತ್ತುವ ಪಟ್ಟಿ ಗಾಳಿ ತುಂಬಿಕೊಂಡಷ್ಟೂ ಉಸ್ಸೆಂದು ಬಿಡುತ್ತದೆ, ಪರದೆಯ ಮೇಲೆ ಅಂಕಿ ಬರುವ ಜಾಗದಲ್ಲಿ ತಪ್ಪು ಅಂತ ಬರುತ್ತದೆ. ಮೇಡಂಗೆ ಫೋನು ಮಾಡಿದೆ. “ಹೊಸದು ಬರುತ್ತೆ, ಅರ್ಜಿ ಬರೆದುಕೊಡಿ. ಆದ್ರೆ ಎಂಟ್ರಿ ನಿಲ್ಲಿಸಬೇಡಿ ಅಕ್ಕ, ಮೇಲಿನವರು ದಿನಾ ನೋಡ್ತಾರೆ,” ಅಂದರು.

ನಾಲ್ಕನೇ ಮನೆಯ ಬಾಗಿಲಲ್ಲಿ ನಿಂತಿದ್ದೇನೆ, ‘ಮುಂದೆ’ ಒತ್ತಿದರೆ ಮುಂದೆ ಹೋಗುವುದಿಲ್ಲ. ಕನ್ನಡಕದಕ್ಕನಿಗೆ ಫೋನು ಹಚ್ಚಿದೆ. ಅವಳು ಜೋರಾಗಿ ನಕ್ಕಳು.

“ನೀನಿನ್ನೂ ಅಲ್ಲೇ ನಿಂತಿದ್ದೀಯಾ? ನೂರಿಪ್ಪತ್ತು ಎಂಬತ್ತು ಹಾಕಿ ಹೊರಡು ಮಾರಾಯ್ತಿ. ನನ್ನದು ಕೆಟ್ಟು ತಿಂಗಳಾಯ್ತು. ಎಲ್ರೂ ಅದನ್ನೇ ಹಾಕೋದು.”

ಹಾಕಿದೆ. ಹಸಿರು ಬಂತು. ಆ ಮನೆಯ ಮುದುಕನ ಬೀಪಿ ಹತ್ತು ವರ್ಷದಿಂದ ಹೆಚ್ಚುಕಡಿಮೆ ಅಷ್ಟೇ ಇದೆ, ಏನೂ ಆಗುವುದಿಲ್ಲ. ಹೊಸ ಪಟ್ಟಿ ಬರುವವರೆಗೆ ಮಾತ್ರ.

ಸಂಜೆ ನಮ್ಮವರು ಪಟ್ಟಿಯನ್ನು ಹಿಸುಕಿ ನೋಡಿ, “ಒಳಗಿರೋದು ರಬ್ಬರ್ ಚೀಲ ತಾನೇ? ಕೊಡು, ನೋಡ್ತೀನಿ,” ಅಂದರು. ಇದು ಕೇಂದ್ರದ ಸಾಮಾನು, ಸೈಕಲ್ಲಲ್ಲ, ಕೈ ಹಾಕಬೇಡಿ ಅಂದೆ. ಆಯ್ತಮ್ಮ ಅಂದರು.

ಮಾರ್ಚ್ ೧೩, ಗುರುವಾರ

೧೪ ಮನೆ. ೧೪ ಹಸಿರು. ನಾಲ್ಕೂಮುಕ್ಕಾಲಿಗೇ ಮುಗಿಯಿತು.

ಹೊಲಿಗೆ ಹುಡುಗಿಯದ್ದು ಒಂದು ತಮಾಷೆ. ಕತ್ತರಿಯ ಹಿಡಿ ಹೆಬ್ಬೆರಳಿಗೆ ಹೋಗುತ್ತಿಲ್ಲವಂತೆ. “ಕತ್ತರಿ ಚಿಕ್ಕದಾಗಿದೆ ಅಕ್ಕ,” ಅಂದಳು. ಬಸುರಿಯರು ದಪ್ಪ ಆಗದೆ ಕತ್ತರಿ ಸಣ್ಣ ಆಗುತ್ತಾ ಅಂತ ನಗಾಡಿ ಬಂದೆ.

ಮಾರ್ಚ್ ೧೫, ಶನಿವಾರ

ಮೂರು!

ಮಾರ್ಚ್ ೨೨, ಶನಿವಾರ

ಒಂದು. ಮೊದಲನೇ ಸ್ಥಾನ. ಮೇಡಂ ಎಲ್ಲರ ಫೋನಿಗೂ ನನ್ನ ಫೋಟೋ ಕಳಿಸಿದ್ದಾರೆ. ಫೋಟೋದಲ್ಲಿ ಕಣ್ಣು ಮುಚ್ಚಿದ್ದೇನೆ, ಆದರೂ ಪರವಾಗಿಲ್ಲ.

ಮಾರ್ಚ್ ೨೬, ಬುಧವಾರ

೧೬. ಎಲ್ಲ ಹಸಿರು.

ಅತ್ತೆ ಇವತ್ತು ಮುಖ ಊದಿಸಿಕೊಂಡಿದ್ದಾರೆ. “ಮೊದ್ಲು ಮನೆಗೆ ಬಂದ್ರೆ ಯಾರಿಗೆ ಏನಾಯ್ತು, ಯಾರು ಏನಂದ್ರು ಅಂತ ಹೇಳ್ತಿದ್ದೆ. ಈಗ ಹದಿನಾರು ಅಂತೀಯ, ಹದಿನೈದು ಅಂತೀಯ. ನಾನೇನು ಆ ನಂಬರನ್ನ ಹೊದ್ಕೊಂಡು ಮಲಗ್ಲಾ?” ವಯಸ್ಸಾದವರಿಗೆ ಮಾತು ಬೇಕು, ಪಾಪ. ಭಾನುವಾರ ಕೂತು ಮಾತಾಡಿಸಬೇಕು.

ಮಾರ್ಚ್ ೨೯, ಶನಿವಾರ

ಒಂದು.

ಏಪ್ರಿಲ್ ೫, ಶನಿವಾರ

ಒಂದು. ಮೂರನೇ ವಾರ. ತೋಳಿಗೆ ಕಟ್ಟುವ ಹೊಸ ಪಟ್ಟಿ ಇನ್ನೂ ಬಂದಿಲ್ಲ.

ಏಪ್ರಿಲ್ ೯, ಬುಧವಾರ, ದೊಡ್ಡಾಸ್ಪತ್ರೆಯ ಬೆಂಚಿನ ಮೇಲೆ

ನೋಟ್‌ಬುಕ್ ಚೀಲದಲ್ಲೇ ಇತ್ತು. ಬೆಳಿಗ್ಗೆ ಹತ್ತು ಗಂಟೆ. ಒಳಗೆ ಬಿಡುವುದಿಲ್ಲ, ಹೊರಗೆ ಕೂತು ಮಾಡಲು ಬೇರೇನೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನೆ ಮಧ್ಯಾಹ್ನ ಮೇಡಂ ಫೋನು ಮಾಡಿ, ಬೀಪಿ ಪಟ್ಟಿಯ ಅರ್ಜಿಯಲ್ಲಿ ಅದು ಕೆಟ್ಟ ತಾರೀಖು ಬರೆದಿಲ್ಲ, ತಾರೀಖಿಲ್ಲದೆ ಮೇಲೆ ಹೋಗುವುದಿಲ್ಲ ಅಂದರು. ಮನೆಯಲ್ಲಿ ಈ ನೋಟ್‌ಬುಕ್ ತೆಗೆದು ಹಿಂದಕ್ಕೆ ಮಗುಚುತ್ತಾ ಹೋದೆ. ಅಷ್ಟರಲ್ಲಿ ನಮ್ಮವರು ನನ್ನನ್ನು ಕೇಳದೆ ಪಟ್ಟಿಯನ್ನು ಬಿಚ್ಚಿ, ಒಳಗಿನ ರಬ್ಬರ್ ಚೀಲಕ್ಕೆ ಪಂಪು ಹೊಡೆದು, ಟ್ಯೂಬನ್ನು ಮುಳುಗಿಸುವ ನೀರಿನ ಬೋಗುಣಿಯಲ್ಲಿ ಅದ್ದಿ ನೋಡುತ್ತಿದ್ದರು. ನೀರಿನಲ್ಲಿ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. “ನೋಡಿಲ್ಲಿ, ಸೂಜಿ ಮೊನೆಯಷ್ಟು ತೂತು. ಒಂದು ತಿಂಗಳಿಂದ ಇದಕ್ಕೆ ಅರ್ಜಿ ಬರೀತಿದ್ದಾಳೆ,” ಅಂತ ಅತ್ತೆಗೆ ಹೇಳಿದರು. ನಾನು ಬೈಯಬೇಕೆಂದು ಬಾಯಿ ತೆರೆದವಳು ಕೈಯಲ್ಲಿದ್ದ ಪುಟ ನೋಡಿದೆ.

ಮಾರ್ಚ್ ೧೧, ಪಟ್ಟಿ ಕೆಟ್ಟಿತು. ಅದರ ಕೆಳಗೇ ಮಾರ್ಚ್ ೧೩. ಕತ್ತರಿಯ ಹಿಡಿ ಹೆಬ್ಬೆರಳಿಗೆ ಹೋಗುತ್ತಿಲ್ಲ.

ನನ್ನದೇ ಕೈಬರಹ. ತಮಾಷೆ ಅಂತ ಬೇರೆ ಬರೆದಿದ್ದೇನೆ. ಏಳನೇ ತಿಂಗಳಲ್ಲಿ ಬೆರಳು ಊದಿಕೊಂಡಿದೆ ಅಂತ ಯಾರಾದರೂ ಹೇಳಿದರೆ ಮೊದಲು ಬೀಪಿ ನೋಡು ಅಂತ ಹೊಸಬರಿಗೆಲ್ಲ ಹೇಳಿಕೊಡುವವಳು ನಾನು. ಅವಳಿಗೆ ನಾನು ಹಾಕಿದ್ದು ನೂರಿಪ್ಪತ್ತು ಎಂಬತ್ತು. ಹಸಿರು ಬಂದ ಅವಳ ಮನೆಗೆ ಏಪ್ರಿಲ್ ಹದಿನೇಳರವರೆಗೆ ಹೋಗಬೇಕಿಲ್ಲ ಅಂತ ಫೋನು ಹೇಳಿತ್ತು, ನಾನೂ ಹೋಗಿರಲಿಲ್ಲ.

ಹೊಲಿಗೆ ಹುಡುಗಿಯ ಬೀಪಿ ಈಗಲೇ ನೋಡಬೇಕು ಅಂತ ನಮ್ಮವರಿಗೆ ಹೇಳಿದೆ. ತೂತಿಗೆ ಪ್ಯಾಚು ಅಂಟಿಸಿ, ಒಣಗಲು ಬಿಡದೆ ಬಾಯಲ್ಲಿ ಊದಿ ಊದಿ, ಅತ್ತೆಯ ತೋಳಿಗೆ ಒಂದು ಸಲ ಕಟ್ಟಿ ನೋಡಿದೆವು. ಗಾಳಿ ನಿಂತಿತು, ಅಂಕಿಯೂ ಬಂತು. ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು ಕಾಲುವೆಯವರೆಗೆ ತುಳಿದರು. ಅಲ್ಲಿಂದ ಮೇಲಕ್ಕೆ ನಡೆದೆ. ನಡೆದೆ ಅಂತ ಬರೆದಿದ್ದೇನೆ, ಓಡಿದ್ದು.

ಅವಳು ಹೊಲಿಗೆ ಮಷೀನಿನ ಮುಂದೆ ಹಣೆ ಒತ್ತಿ ಹಿಡಿದು ಕೂತಿದ್ದಳು. ಬೆಳಿಗ್ಗೆಯಿಂದ ತಲೆನೋವು, ಕಣ್ಣ ಮುಂದೆ ಮಿಂಚಿದ ಹಾಗೆ ಆಗುತ್ತಿದೆ, ದಾರ ಪೋಣಿಸಲು ಆಗುತ್ತಿಲ್ಲ ಅಂದಳು. ಮುಖ ಊದಿತ್ತು. ಪಟ್ಟಿ ಕಟ್ಟಿದೆ. ನೂರ ಅರವತ್ತೆರಡು, ನೂರ ಹತ್ತು. ಮತ್ತೊಮ್ಮೆ ನೋಡಿದೆ, ಅಷ್ಟೇ.

ಫೋನಿಗೆ ಅದನ್ನು ಹಾಕಿದ್ದೇ ತಡ, ಪರದೆ ಕೆಂಪಾಯಿತು. ಒಂದು ನಿಮಿಷಕ್ಕೆ ಡಾಕ್ಟರಮ್ಮನೇ ಮಾತಾಡಿದರು. ಎಡಮಗ್ಗುಲಾಗಿ ಮಲಗಿಸಿ, ಗಾಡಿ ಹೊರಟಿದೆ, ಅಲ್ಲೇ ಇರಿ ಅಂದರು. ಹೆಸರಿಲ್ಲದ ಬೀದಿ, ನಂಬರಿಲ್ಲದ ಮನೆ, ಆದರೂ ಗಾಡಿ ಯಾರನ್ನೂ ದಾರಿ ಕೇಳದೆ ಆ ನೀಲಿ ಚುಕ್ಕಿಗೇ ಬಂತು. ಇಪ್ಪತ್ತಮೂರು ನಿಮಿಷ. ನಿಜ ಹೇಳಿದರೆ ಈ ಫೋನು ಇಷ್ಟೆಲ್ಲ ಮಾಡುತ್ತದೆ. ನಾನೇ ಒಂದು ತಿಂಗಳು ಅದರ ಕಣ್ಣು ಕಟ್ಟಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪರದೆಯ ಮೇಲೆ ಅವಳ ಹಳೆಯ ಅಂಕಿಗಳನ್ನು ನೋಡುತ್ತಾ, “ನಾಲ್ಕು ವಾರದ ಹಿಂದೆ ನಾರ್ಮಲ್ ಇತ್ತು ಅಂತಿದೆ. ಸರೀನಾ? ಎಷ್ಟು ದಿನದಿಂದ ಏರಿದೆ ಅನ್ನೋದರ ಮೇಲೆ ಕೂಸನ್ನ ಈಗಲೇ ತೆಗೀಬೇಕಾ, ಕಾಯಬಹುದಾ ಅಂತ ಹೇಳ್ಬೇಕು,” ಅಂದರು.

ಹೂಂ ಅಂದುಬಿಡಬೇಕು ಅನ್ನಿಸಿತು. ಇಲ್ಲಿ ಸುಳ್ಳು ಬರೆದು ಪ್ರಯೋಜನವಿಲ್ಲ, ನಿಜವಾಗಿ ಅನ್ನಿಸಿತು. ಇಪ್ಪತ್ತೆರಡು ವರ್ಷದ ಕೆಲಸ, ಮೊನ್ನೆಯ ಫೋಟೋ, ಎಲ್ಲಾ ಕಣ್ಣ ಮುಂದೆ ಬಂತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

“ಅವತ್ತು ನಾನು ಅಳೆದೇ ಇಲ್ಲ ಡಾಕ್ಟ್ರೇ. ಪಟ್ಟಿ ಕೆಟ್ಟಿತ್ತು. ಸುಮ್ನೆ ಹಾಕಿದ್ದು. ಆದ್ರೆ ಬೆರಳು ಆಗಲೇ ಊದಿತ್ತು, ಕತ್ತರಿ ಹೋಗ್ತಿರಲಿಲ್ಲ. ತಾರೀಖು ಬರೆದಿಟ್ಟಿದೀನಿ.”

ಅವರು ನನ್ನ ನೋಟ್‌ಬುಕ್ ಇಸಿದುಕೊಂಡು ತಾರೀಖು ನೋಡಿದರು. ಬೈಯಲಿಲ್ಲ. “ಹಾಗಾದ್ರೆ ಕಾಯೋದು ಬೇಡ,” ಅಂತ ಒಳಗೆ ಹೋದರು. ಬೈದಿದ್ದರೆ ಹಗುರವಾಗುತ್ತಿತ್ತು.

ಅದೇ ದಿನ, ಮಧ್ಯಾಹ್ನ

ಹೆಣ್ಣು ಕೂಸು. ಒಂದೂ ಮುಕ್ಕಾಲು ಕೆಜಿ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅತ್ತಿತಂತೆ. ತಾಯಿಗೆ ಇನ್ನೂ ಅಪಾಯ ಕಳೆದಿಲ್ಲ, ಎರಡು ದಿನ ಕಣ್ಣಿಟ್ಟಿರಬೇಕು ಅಂದರು. ಗಂಡ ಲಾರಿ ತಿರುಗಿಸಿಕೊಂಡು ಬರುತ್ತಿದ್ದಾನೆ. ಅವನು ಬರುವವರೆಗೆ ನಾನು ಏಳುವುದಿಲ್ಲ.

ಏಪ್ರಿಲ್ ೧೪, ಸೋಮವಾರ

ಅವಳು ಎದ್ದು ಕೂತಿದ್ದಾಳೆ. ಗಂಡ ಗಂಜಿ ಕುಡಿಸುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತು ಎರಡೂ ಕೈ ಹಿಡಿದುಕೊಂಡ. ನಮ್ಮ ಮನೆ ಉಳಿಸಿದಿರಿ ಅಕ್ಕ ಅಂತ ಅತ್ತ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವನು ಲೋಟ ತೊಳೆಯಲು ಆಚೆ ಹೋದಾಗ ಹುಡುಗಿಗೆ ಹೇಳಿಬಿಟ್ಟೆ. ಆ ಗುರುವಾರ ನಾನು ಬೀಪಿ ನೋಡದೆ ಅಂಕಿ ಹಾಕಿ ಹೋದೆ, ನೋಡಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲವೇನೋ ಅಂದೆ.

“ನನಗೆ ಅವತ್ತೇ ಗೊತ್ತಿತ್ತಲ್ಲ ಅಕ್ಕ,” ಅಂದಳು.

“ಏನು ಗೊತ್ತಿತ್ತು?”

“ನೀವು ಪಟ್ಟಿ ಕಟ್ಲಿಲ್ಲ ಅಂತ. ಬಾಗಿಲಲ್ಲೇ ನಿಂತು ನಂಬರ್ ಒತ್ತಿದ್ರಿ. ಇಷ್ಟು ವರ್ಷದ ಅನುಭವ, ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು ಅಂದ್ಕೊಂಡೆ.”

ಮುಖ ನೋಡಿರಲಿಲ್ಲ. ಅದನ್ನು ಅವಳಿಗೆ ಹೇಳುವ ಧೈರ್ಯ ಬರಲಿಲ್ಲ. ಇಲ್ಲಿ ಬರೆದಿದ್ದೇನೆ. ಮನೆಗೆ ಬಂದು ಹಿತ್ತಲ ಬಾಗಿಲಲ್ಲಿ ಕೂತು ಅತ್ತುಬಿಟ್ಟೆ. ಅತ್ತೆ ಬಂದು ಪಕ್ಕದಲ್ಲಿ ಕೂತರು, ಏನಾಯ್ತು ಅಂತ ಕೇಳಿದರು. ಫೆಬ್ರವರಿಯಿಂದ ಶುರು ಮಾಡಿ ಎಲ್ಲವನ್ನೂ ಹೇಳಿದೆ. ಅವರಿಗೆ ಕಿವಿ ಮಂದವಲ್ಲವೇ, ಎರಡೆರಡು ಸಲ, ಗಟ್ಟಿಯಾಗಿ. ಕೊನೆಗೆ ನಮ್ಮವರು ಅಂಗಡಿಯಿಂದ, “ಬೀದಿಯವರಿಗೆಲ್ಲ ತಿಳೀತು, ಇನ್ನು ಮೆಲ್ಲಗೆ ಹೇಳು,” ಅಂದರು.

ಏಪ್ರಿಲ್ ೨೪, ಗುರುವಾರ

ಇವತ್ತು ಸಭೆ. ಹತ್ತೊಂಬತ್ತು ಜನ ಕಾರ್ಯಕರ್ತೆಯರು, ಮೇಡಂ, ಆ್ಯಪ್ ಹುಡುಗಿ. ಡಾಕ್ಟರಮ್ಮ ಬರೆದ ಪತ್ರ ಮೇಡಂ ಕೈಯಲ್ಲಿತ್ತು. ಅವರು ಅದನ್ನು ಓದುವ ಮೊದಲೇ ನಾನು ಎದ್ದು ನಿಂತೆ. ಕುರ್ಚಿಯ ಬೆನ್ನು ಹಿಡಿದುಕೊಂಡೆ.

“ಮಾರ್ಚ್ ಹನ್ನೊಂದರಿಂದ ಏಪ್ರಿಲ್ ಏಳರವರೆಗೆ ನಾನು ಹಾಕಿದ ಬೀಪಿ ಎಲ್ಲಾ ಸುಳ್ಳು. ಮೊದಲನೇ ಸ್ಥಾನವೂ ಸುಳ್ಳು. ಆ ಮನೆಗಳಿಗೆಲ್ಲ ಈಗ ಮತ್ತೆ ಹೋಗ್ತಿದೀನಿ, ಇನ್ನೂ ಎಪ್ಪತ್ತಾರು ಬಾಕಿ ಇದೆ.”

ಆಮೇಲೆ ಆ್ಯಪ್ ಹುಡುಗಿ ಸಣ್ಣ ದನಿಯಲ್ಲಿ ಮಾತಾಡಿದಳು. ಮಾರ್ಚ್ ತಿಂಗಳಲ್ಲಿ ನಮ್ಮ ಕೇಂದ್ರದಿಂದ ಬಂದ ಅಳತೆಗಳಲ್ಲಿ ಮೂರಕ್ಕೊಂದು ನೂರಿಪ್ಪತ್ತು ಎಂಬತ್ತು ಇತ್ತಂತೆ. “ನನ್ನ ಪ್ರೋಗ್ರಾಮಲ್ಲೇ ಏನೋ ತಪ್ಪಾಗಿದೆ ಅಂತ ಎರಡು ವಾರ ಹುಡುಕಿದೆ ಅಕ್ಕ. ಎಲ್ಲೂ ಸಿಗಲಿಲ್ಲ.”

ಕನ್ನಡಕದಕ್ಕ ನಿಧಾನವಾಗಿ ಕೈ ಎತ್ತಿದಳು. “ನನ್ನ ಪಟ್ಟಿ ಕೆಟ್ಟಿದ್ದು ಫೆಬ್ರವರಿಯಲ್ಲಿ.” ಹಿಂದಿನ ಸಾಲಿನಿಂದ ಇನ್ನೊಂದು ಕೈ. ಆಮೇಲೆ ಮತ್ತೊಂದು. ಮೂಲೆಯಲ್ಲಿದ್ದವಳು, “ನನ್ನ ಬೀಪಿ ಸರಿ ಇದೆ ಮೇಡಂ, ಆದ್ರೆ ತೂಕದ ಮಷೀನ್ ಮುಳ್ಳು ಮುರಿದು ನಿಂತುಬಿಟ್ಟಿದೆ. ನನ್ನ ಕಡೆ ಎಲ್ಲಾ ಕೂಸುಗಳೂ ಮೂರು ಕೆಜಿನೇ,” ಅಂದಳು. ಯಾರೋ ಪುಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು, ಮೇಡಂ ಒಬ್ಬರನ್ನು ಬಿಟ್ಟು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ನಾನು ಮೇಲಿನವರಿಗೆ ನೂರಕ್ಕೆ ನೂರು ಅಂತ ಬರೆದು ಕಳಿಸಿದೀನಿ. ನಮ್ಮನ್ನೂ ಮೇಲಿನವರು ಸಾಲಾಗಿ ನಿಲ್ಲಿಸ್ತಾರೆ ಅಕ್ಕ, ಆ ಸಾಲಲ್ಲಿ ನಾನೂ ಮೇಲಿದ್ದೆ,” ಅಂದರು.

ನನಗೆ ಎಚ್ಚರಿಕೆಯ ಪತ್ರ ಕೊಟ್ಟರು. ಸರಿಯಾಗಿಯೇ ಬರೆದಿದ್ದಾರೆ, ಒಂದು ಮಾತೂ ಹೆಚ್ಚಿಲ್ಲ. ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲ. ಸಹಿ ಹಾಕಿದೆ.

ಮೇ ೬, ಮಂಗಳವಾರ

ಆ್ಯಪ್ ಹುಡುಗಿ ಇವತ್ತು ಇಡೀ ದಿನ ನನ್ನ ಹಿಂದೆಯೇ ತಿರುಗಿದಳು. ಹನ್ನೊಂದು ಗಂಟೆಗೇ ಅವಳ ಚಪ್ಪಲಿ ಕಿತ್ತು ಕೈಗೆ ಬಂತು. ಬೇಕರಿಯವಳ ಮನೆಯಲ್ಲಿ ಒಳಗೆ ಕೂತೆವು. ಬೇಕರಿಯವಳು ಎಲ್ಲಾ ಚೆನ್ನಾಗಿದೆ, ಚೆನ್ನಾಗಿದೆ ಅಂದಳು. ಚಹಾ ಅರ್ಧ ಮುಗಿದ ಮೇಲೆ, ಹೋದ ತಿಂಗಳು ಹುಟ್ಟಿದ ಕೂಸು ಎರಡು ದಿನದಿಂದ ಹಾಲು ಕುಡಿಯುತ್ತಿಲ್ಲ ಅಂದಳು. ಹುಡುಗಿ ನನ್ನ ಮುಖ ನೋಡಿದಳು.

“ಇದು ನನ್ನ ಯಾವ ಬಾಕ್ಸಲ್ಲೂ ಇಲ್ಲ ಅಕ್ಕ.”

“ನನ್ನ ರಿಜಿಸ್ಟರಲ್ಲೂ ಇರಲಿಲ್ಲ. ಅಂಚಲ್ಲಿ ಇರ್ತಿತ್ತು.”

ತಾಯಿ ಕೂಸನ್ನು ಆಗಲೇ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆವು. ಅಲ್ಲಿ ಹುಡುಗಿ ಹಳೆಯ ರಿಜಿಸ್ಟರು ನೋಡಬೇಕು ಅಂದಳು. ಕೇಂದ್ರದ ಬೀರುವಿನಿಂದ ತೆಗೆಸಿ ಕೊಟ್ಟೆ. ಪೆನ್ಸಿಲಿನ ಸೊನ್ನೆಗಳನ್ನು ಬೆರಳಿಟ್ಟು ಒಂದೊಂದಾಗಿ ಕೇಳಿದಳು, ಒಂದೊಂದರ ಕಥೆಯೂ ನೆನಪಿತ್ತು. ಏನು ಬೇಕು ಹೇಳಿ ಅಂದಳು. ಎರಡೇ ಬೇಕು ಅಂದೆ. ಅಳೆಯಲು ಆಗಲಿಲ್ಲ ಅಂತ ಧೈರ್ಯವಾಗಿ ಹೇಳಲು ಒಂದು ಜಾಗ, ಮತ್ತೆ ಬಾಯಿಗೆ ಬಂದದ್ದು ಬರೆಯಲು ಒಂದು ಅಂಚು. ಅವಳು ಅದನ್ನು ಕಾಗದದ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು. ಫೋನಿನಲ್ಲಿ ಅಲ್ಲ.

ಮೇ ೩೧, ಶನಿವಾರ

ಎಪ್ಪತ್ತಾರೂ ಮುಗಿಯಿತು. ಅವರಲ್ಲಿ ಇಬ್ಬರು ಹಳದಿ, ಮಾತ್ರೆ ಶುರುವಾಗಿದೆ. ಕೆಂಪು ಯಾರೂ ಇಲ್ಲ. ಇದನ್ನು ಬರೆಯುವಾಗ ಕೈ ಎಷ್ಟು ಹಗುರವಾಗಿದೆ.

ಅಗಸರ ಮನೆಯ ಕೂಸು ಗೋಡೆ ಹಿಡಿದು ನಿಲ್ಲುತ್ತದೆ, ನನ್ನನ್ನು ಕಂಡರೆ ಕನ್ನಡಕದ ಕಡೆಗೇ ಕೈ ಚಾಚುತ್ತದೆ. ಹತ್ತು ವರ್ಷದಿಂದ ಬೀಪಿ ಬದಲಾಗಿಲ್ಲ ಅಂದುಕೊಂಡಿದ್ದ ಆ ಮುದುಕನೂ ಹಳದಿಯವರಲ್ಲೊಬ್ಬ, ಅವನಿಗೆ ಮೊಮ್ಮಗಳ ಮೇಲೆ ಕೋಪ, ಉಪ್ಪು ಬಚ್ಚಿಟ್ಟಿದ್ದಾಳಂತೆ. ಬಚ್ಚಿಡಲು ಹೇಳಿದ್ದು ನಾನೇ ಅಂತ ಹೇಳಲಿಲ್ಲ. ಅತ್ತೆ ಎಲ್ಲಾ ಕೇಳಿ, “ಅಂದ್ಹಾಗೆ ಈ ಶನಿವಾರ ನಿನ್ನದು ಎಷ್ಟನೇ ನಂಬರು?” ಅಂದರು. ನೋಡಿಲ್ಲ. ನಾಳೆ ನೋಡಿ ಹೇಳುತ್ತೇನೆ ಅಂದೆ.

ಜೂನ್ ೩, ಮಂಗಳವಾರ

ಹೊಲಿಗೆ ಹುಡುಗಿಯ ಮನೆಗೆ ಹೋಗಿದ್ದೆ. ಕೂಸು ಈಗ ಮೂರು ಕೆಜಿ ಇನ್ನೂರು ಗ್ರಾಂ. ಬಟ್ಟೆ ಇಡುತ್ತಿದ್ದ ಬುಟ್ಟಿಯಲ್ಲಿ ಅಂಗಾತ ಮಲಗಿ ಗೋಡೆಯ ಮೇಲಿನ ನೂಲುಗಳನ್ನೇ ನೋಡುತ್ತಿತ್ತು. ಕೂತೆ. ಅವಳು ಬಟ್ಟೆ ಕತ್ತರಿಸುತ್ತಿದ್ದಳು, ಹೆಬ್ಬೆರಳು ಹಿಡಿಯೊಳಗೆ ಸಲೀಸಾಗಿ ಆಡುತ್ತಿತ್ತು. ಕತ್ತರಿ ದೊಡ್ಡದಾಯ್ತಾ ಅಂತ ಕೇಳಿದೆ. ನಕ್ಕಳು.

ಫೋನಿನಲ್ಲಿ ಹೊಸದು ಬಂದಿದೆ. ಬೀಪಿಯ ಕೆಳಗೆ ‘ಅಳೆಯಲು ಆಗಲಿಲ್ಲ’ ಅಂತ ಒಂದು ಗುಂಡಿ. ಅದರ ಪಕ್ಕದಲ್ಲಿ ಏನೂ ಬರೆಯದ ಒಂದು ಬಿಳಿ ಜಾಗ, ಅದಕ್ಕೆ ‘ಅಂಚು’ ಅಂತಲೇ ಹೆಸರಿಟ್ಟಿದ್ದಾಳೆ ಹುಡುಗಿ. ತೋಳಿಗೆ ಕಟ್ಟುವ ಪಟ್ಟಿ ಮಾತ್ರ ಹಳೆಯದೇ, ನಮ್ಮವರ ಪ್ಯಾಚಿನದ್ದು. ಹೊಸದು ಬಂದಿತ್ತು, ಕನ್ನಡಕದಕ್ಕನಿಗೆ ಕೊಟ್ಟೆ.

ಅವಳ ತೋಳಿಗೆ ಕಟ್ಟಿ ಗುಂಡಿ ಒತ್ತಿದೆ. ಗಾಳಿ ತುಂಬಿತು, ಇಳಿಯಿತು, ಅಂಕಿ ಬಂತು.

ನೂರಿಪ್ಪತ್ತು ಎಂಬತ್ತು.

ಬಿಚ್ಚಿದೆ. ಐದು ನಿಮಿಷ ಕೂಸನ್ನು ಎತ್ತಿಕೊಂಡು ಕೂತು, ಮತ್ತೆ ಕಟ್ಟಿದೆ. ನೂರಿಪ್ಪತ್ತು ಎಂಬತ್ತು. ಇನ್ನೊಂದು ತೋಳಿಗೆ ಕಟ್ಟಿದೆ. ಅಲ್ಲೂ ಅದೇ. ಈ ಅಂಕಿಯನ್ನು ಇನ್ನು ನಾನು ಹಾಕಿದರೆ ಯಾರು ನಂಬುತ್ತಾರೆ? ನಗು ಬಂತು, ತಡೆಯಲು ನೋಡಿದೆ, ಆಗಲಿಲ್ಲ. ಕಣ್ಣಲ್ಲಿ ನೀರೂ ಬಂತು.

“ಯಾಕಕ್ಕ? ಏನಾದ್ರೂ ಜಾಸ್ತಿ ಇದೆಯಾ?” ಅಂತ ಅವಳು ಗಾಬರಿಯಾದಳು.

“ಇಲ್ಲಮ್ಮ. ಚೆನ್ನಾಗಿದೆ. ಈ ಸಲ ನಿಜವಾಗ್ಲೂ ಚೆನ್ನಾಗಿದೆ,” ಅಂದೆ, ಅವಳ ಮುಖ ನೋಡಿ.

ಫೋನಿಗೆ ಹಾಕಿದೆ. ಹಸಿರು ಬಂತು. ಆಮೇಲೆ ಬಿಳಿ ಜಾಗ ಮುಟ್ಟಿ, ಒಂದೊಂದೇ ಅಕ್ಷರ ಒತ್ತಿ ಬರೆದೆ: ಮೂರು ಸಲ ಅಳೆದದ್ದು. ಕತ್ತರಿ ಬೆರಳಿಗೆ ಹೋಗುತ್ತದೆ.